ಸಾಗರತಲದ ಹಿಮಾಲಯ

ಕಲ್ಕತ್ತೆಯ ಫೋರ್ಟ್ ವಿಲಿಯಂ ಕೋಟೆಯೊಳಗೆ ಸಿಹಿನೀರಿನ ಚಿಲುಮೆಯೊಂದು ದೊರೆತೀತೆಂಬ ಆಸೆಯಿಂದ 1835ರಲ್ಲಿ ಆರಂಭವಾದ ಕೊರೆತದ ಕೆಲಸವು 1840ರಲ್ಲಿ 481 ಅಡಿಗಳ ಆಳವನ್ನು ಮುಟ್ಟಿ ನಿಂತುಹೋದಾಗ, ಬಯಸಿದ ಚಿಲುಮೆ ಚಿಮ್ಮಲಿಲ್ಲವಾದರೂ, ಆ ಕಾಲದ ಭೂವಿಜ್ಞಾನಿಗಳ ಕೈಗೆ ನೀರಿಗಿಂತಲೂ ದುರ್ಲಭವಾದ ವಸ್ತುವೊಂದು ಬಂದು ಸೇರಿತು. ಕೊಳವೆಯ ಮೂಲಕ ಮೇಲಕ್ಕೆ ಬಂದ ಮಣ್ಣಿನಲ್ಲಿ ಮೊದಲು ಜೇಡಿ, ಅದರ ಕೆಳಗೆ ಮರಗಿಡಗಳು ಕೊಳೆತು ಕಪ್ಪಾದ ಪದರ, ಇನ್ನೂ ಕೆಳಗೆ ಮರಳು ಜೇಡಿಗಳ ಅನೇಕ ಸ್ತರಗಳು, 350 ಅಡಿಗಳ ಆಸುಪಾಸಿನಲ್ಲಿ ಪ್ರಾಣಿಯ ಮೂಳೆ ಮತ್ತು ಆಮೆಯ ಚಿಪ್ಪಿನ ತುಣುಕು, ಎಲ್ಲಕ್ಕೂ ತಳದಲ್ಲಿ ಮರಳಿನೊಡನೆ ಬೆರೆತ ನುಣುಪಾದ ಬೆಟ್ಟದ ಕಲ್ಲುಗಳು ಕಂಡವು. ಕಡಲಿನ ಚಿಪ್ಪು ಮಾತ್ರ ಒಂದೂ ಕಾಣಲಿಲ್ಲ. ಸಮುದ್ರದ ಮಟ್ಟಕ್ಕಿಂತ ಕೆಲವೇ ಅಡಿಗಳಷ್ಟು ಎತ್ತರದಲ್ಲಿರುವ ನಗರದ ಅಡಿಯಲ್ಲಿ, ಆ ಮಟ್ಟಕ್ಕಿಂತ ಮುನ್ನೂರು ನಾನ್ನೂರು ಅಡಿ ಕೆಳಗೆ, ನೆಲದ ಮೇಲೆ ಬದುಕಿದ್ದ ಜೀವಿಗಳ ಮತ್ತು ನದಿಯು ಹೊತ್ತು ತಂದ ಕಲ್ಲುಗಳ ಅವಶೇಷಗಳು ಹೂತಿರಬೇಕಾದರೆ, ಒಂದು ಕಾಲಕ್ಕೆ ಆ ಆಳವೇ ಭೂಮಿಯ ಮೇಲ್ಮೈಯಾಗಿದ್ದು, ನದಿಯು ತಂದು ಹರಡಿದ ಮಣ್ಣಿನ ಭಾರಕ್ಕೆ ಮೆಲ್ಲಮೆಲ್ಲನೆ ಕುಸಿಯುತ್ತ, ಕುಸಿದಷ್ಟನ್ನೂ ಮತ್ತೆ ನದಿಯೇ ತುಂಬುತ್ತ ಬಂದಿರಬೇಕೆಂಬ ಊಹೆ ಅನಿವಾರ್ಯವಾಯಿತು. ಚಾರ್ಲ್ಸ್ ಲಯಲ್ ಮಹಾಶಯನು ಭೂವಿಜ್ಞಾನದ ತತ್ತ್ವಗಳನ್ನು ನಿರೂಪಿಸಿದ ತನ್ನ ಹೆಸರಾಂತ ಗ್ರಂಥದಲ್ಲಿ ಈ ಬಾವಿಯ ವೃತ್ತಾಂತಕ್ಕೆ ಗೌರವದ ಸ್ಥಾನವನ್ನು ಕೊಟ್ಟನು.

ಅದೇ ಗ್ರಂಥದಲ್ಲಿ ಲಯಲನು ಇನ್ನೊಂದು ಪ್ರಯೋಗವನ್ನೂ ಉಲ್ಲೇಖಿಸುತ್ತಾನೆ. ಪರ್ವತರಾಜನ ಅತ್ಯುನ್ನತ ಶಿಖರಕ್ಕೆ ಯಾರ ಹೆಸರನ್ನು ಇಟ್ಟರೋ ಆ ಜಾರ್ಜ್ ಎವರೆಸ್ಟನ ಸೋದರನೂ ಈಸ್ಟ್ ಇಂಡಿಯಾ ಕಂಪೆನಿಯ ಪಾದ್ರಿಯೂ ಆಗಿದ್ದ ರಾಬರ್ಟ್ ಎವರೆಸ್ಟನು 1831ರ ಸುಮಾರಿಗೆ ಘಾಜಿಪುರದಲ್ಲಿ ಗಂಗೆಯ ನೀರನ್ನು ತೆಗೆದು, ಬತ್ತಿಸಿ, ಉಳಿದ ಕೆಸರನ್ನು ತೂಗಿ, ಋತುಋತುವಿಗೂ ಹರಿಯುವ ನೀರಿನ ಪ್ರಮಾಣವನ್ನು ಗಣಿಸಿ, ಆ ಒಂದೇ ಊರಿನ ಮುಂದೆ ವರ್ಷವೊಂದಕ್ಕೆ ಸುಮಾರು 637 ಕೋಟಿ ಘನ ಅಡಿಗಳಷ್ಟು ಮಣ್ಣು ಸಾಗಿಹೋಗುವುದೆಂದೂ, ಅದರ ಬಹುಭಾಗವು ಮಳೆಗಾಲದ ನಾಲ್ಕು ತಿಂಗಳುಗಳಲ್ಲಿಯೇ ಹರಿಯುವುದೆಂದೂ ಲೆಕ್ಕ ಹಾಕಿದನು. ಒಬ್ಬ ಸೋದರನ ಹೆಸರು ಗಿರಿಶಿಖರದ ಮೇಲೆ ನಿಂತಿತು. ಮತ್ತೊಬ್ಬನು ಆ ಗಿರಿಯ ಧೂಳನ್ನು ತೂಗಿದನು. ಮೊದಲನೆಯವನನ್ನು ಲೋಕವೆಲ್ಲ ಬಲ್ಲುದು, ಎರಡನೆಯವನನ್ನು ಬಲ್ಲವರು ವಿರಳ; ಆದರೆ ಹಿಮಾಲಯದ ಚರಿತ್ರೆಯನ್ನು ಅರಿಯಬಯಸುವವನಿಗೆ ಎರಡನೆಯವನು ಹಿಡಿದ ದಾರಿಯೇ ಹೆಚ್ಚು ದೂರ ಕೊಂಡೊಯ್ಯುವುದೆಂದು ನನ್ನ ದೃಢವಾದ ನಂಬಿಕೆ. ಇಂದಿನ ಗಣನೆಯಂತೆ ಗಂಗೆ ಬ್ರಹ್ಮಪುತ್ರೆಗಳೆರಡೂ ಕೂಡಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಮಣ್ಣನ್ನು ಬಂಗಾಳದತ್ತ ಸಾಗಿಸುತ್ತವೆ.

ಪರ್ವತದ ಚರಿತ್ರೆಯನ್ನು ಪರ್ವತದಲ್ಲಿಯೇ ಹುಡುಕುವುದು ಸಹಜವಾದ ಪ್ರವೃತ್ತಿ. ಆದರೆ ಏರುತ್ತಿರುವ ಪರ್ವತವು ತನ್ನ ಚರಿತ್ರೆಯನ್ನು ತಾನೇ ಅಳಿಸಿಕೊಳ್ಳುವುದು: ಮೇಲೆದ್ದ ಪ್ರತಿಯೊಂದು ಪದರವೂ ಹಿಮ, ಮಳೆ, ಪ್ರವಾಹಗಳ ಹೊಡೆತಕ್ಕೆ ಸಿಕ್ಕಿ ಸವೆದು, ಅದರ ಕೆಳಗಿನ ಪದರವು ಬಯಲಾಗಿ, ಅದೂ ಸವೆದು, ಇಂದು ನಾವು ಕಾಣುವ ಶಿಲೆಗಳು ಕೋಟ್ಯಂತರ ವರ್ಷಗಳ ಹಿಂದೆ ಭೂಗರ್ಭದಲ್ಲಿ ಅನೇಕ ಹರಿದಾರಿಗಳ ಆಳದಲ್ಲಿ ಬೆಂದಿದ್ದವುಗಳಾಗಿರುವುವೇ ಹೊರತು, ಮೊದಲು ತಲೆಯೆತ್ತಿದ ಶಿಖರದ ಶಿಲೆಗಳಲ್ಲ. ಕಳೆದುಹೋದ ಆ ಶಿಖರಗಳು ಎಲ್ಲಿ ಹೋದುವು? ನದಿಯು ಅವುಗಳನ್ನು ಹುಡಿಮಾಡಿ ಬಯಲಿನಲ್ಲಿ, ಮುಖಜಭೂಮಿಯಲ್ಲಿ, ಕಡಲಿನ ತಳದಲ್ಲಿ ಒಂದರ ಮೇಲೊಂದಾಗಿ ಪೇರಿಸಿಟ್ಟಿದೆ. ಅದೂ ತಲೆಕೆಳಗಾದ ಕ್ರಮದಲ್ಲಿ. ತುಂಬಿದ ಕಣಜವೊಂದರಿಂದ ಧಾನ್ಯವನ್ನು ತೋಡಿ ಮತ್ತೊಂದಕ್ಕೆ ಸುರಿಯುವಾಗ ಮೊದಲನೆಯದರ ಮೇಲ್ಭಾಗವು ಎರಡನೆಯದರ ತಳವನ್ನು ಸೇರುವಂತೆ, ಪರ್ವತದ ನೆತ್ತಿಯಲ್ಲಿದ್ದ ಶಿಲೆಯು ನದೀನಿಕ್ಷೇಪದ ಅತ್ಯಂತ ಕೆಳಗಿನ ಸ್ತರದಲ್ಲಿ ದೊರೆಯುವುದು, ಪರ್ವತದ ಗರ್ಭದಿಂದ ಈಚೆಗೆ ಬಯಲಾದ ಶಿಲೆಯ ಕಣಗಳು ಮೇಲಿನ ಸ್ತರದಲ್ಲಿ ದೊರೆಯುವುವು. ಆದುದರಿಂದ ಗಿರಿಯ ಹುಟ್ಟನ್ನು ತಿಳಿಯಬೇಕಾದವನು ಅದಕ್ಕೆ ಬೆನ್ನು ತಿರುಗಿಸಿ, ನೀರು ಹರಿಯುವ ದಿಕ್ಕಿನಲ್ಲಿ ನಡೆಯಬೇಕು.

ಈ ಪ್ರಯಾಣದ ಮೊದಲ ಹಂತ ಪರ್ವತದ ಪಾದದಲ್ಲಿಯೇ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನನಾದ ಫಿರೋಜ್ ಷಾ ತುಘಲಕನು ಕಾಲುವೆಗಾಗಿ ಗುಡ್ಡವೊಂದನ್ನು ಕಡಿಸುತ್ತಿದ್ದಾಗ ಅಗೆಯುವವರಿಗೆ ದೈತ್ಯಾಕಾರದ ಮೂಳೆಗಳು ಸಿಕ್ಕಿದುವೆಂದು ಫೆರಿಶ್ತಾ ಎಂಬ ಇತಿಹಾಸಕಾರನು ಬರೆದಿರುವನು. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದುಕೊಂಡು, ಎಂದರೆ ನಮ್ಮ ಕನ್ನಡ ನೆಲದಲ್ಲಿ ಕುಳಿತು ಆತನು ಬರೆದ ಆ ಮಾತು ಎರಡು ಶತಮಾನಗಳಿಗೂ ಮಿಕ್ಕ ಕಾಲ ನಿದ್ರಿಸುತ್ತಿದ್ದು, 1830ರ ದಶಕದಲ್ಲಿ ಸಹಾರನಪುರದ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಹ್ಯೂ ಫಾಲ್ಕನರನ ಗಮನಕ್ಕೆ ಬಂದಿತು. ಆತನೂ, ಮುಂದೆ ಗಂಗಾ ಕಾಲುವೆಯನ್ನು ನಿರ್ಮಿಸಿದ ಎಂಜಿನಿಯರ್ ಪ್ರಾಬಿ ಕಾಟ್ಲಿಯೂ ಜೊತೆಗೂಡಿ ಶಿವಾಲಿಕ ಗುಡ್ಡಗಳ ಮರಳುಗಲ್ಲಿನಿಂದ ಆನೆಗಳ ಪೂರ್ವಜರು, ನೀರಾನೆಗಳು, ದೈತ್ಯ ಆಮೆ, ಶಿವನ ಹೆಸರನ್ನೇ ಹೊತ್ತ ಶಿವಥೀರಿಯಮ್ ಎಂಬ ಜಿರಾಫೆಯ ಬಳಗದ ಮಹಾಮೃಗ, ಇವುಗಳ ಅಸ್ಥಿಗಳನ್ನು ರಾಶಿರಾಶಿಯಾಗಿ ಹೊರತೆಗೆದರು. 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವು ಇಬ್ಬರಿಗೂ ವೊಲಾಸ್ಟನ್ ಪದಕವನ್ನಿತ್ತು ಸನ್ಮಾನಿಸಿತು. ಲೋಕವು ಮೃಗಗಳನ್ನು ಕಂಡು ಬೆರಗಾಯಿತು. ಅದಕ್ಕಿಂತ ಬೆರಗಿನ ಸಂಗತಿ ಆ ಮೂಳೆಗಳನ್ನು ಅಪ್ಪಿಕೊಂಡಿದ್ದ ಮರಳಿನಲ್ಲಿತ್ತು. ಸುಮಾರು 1 ಕೋಟಿ 80 ಲಕ್ಷ ವರ್ಷಗಳ ಹಿಂದಿನಿಂದ ಹಿಮಾಲಯದ ನದಿಗಳು ತಮ್ಮ ಬಯಲಿನಲ್ಲಿ ಹರಡಿದ ಈ ರೇವೆಯು ಐದಾರು ಕಿಲೋಮೀಟರುಗಳಷ್ಟು ದಪ್ಪವಾಗಿ ಬೆಳೆದು, ತರುವಾಯ ಪರ್ವತವು ದಕ್ಷಿಣಕ್ಕೆ ಒತ್ತುತ್ತ ಬಂದಂತೆ ತಾನೇ ಮಡಿಕೆಬಿದ್ದು, ಮೇಲೆದ್ದು, ಗುಡ್ಡವಾಗಿ ನಿಂತಿತು. ಅದರ ಕೆಳಗಿನ ಸ್ತರಗಳಲ್ಲಿ ನಯವಾದ ಮರಳೂ ಜೇಡಿಯೂ, ನಡುವೆ ದಪ್ಪ ಮರಳುಗಲ್ಲೂ, ಅತ್ಯಂತ ಮೇಲೆ ಆಳೆತ್ತರದ ಪ್ರವಾಹಗಳಷ್ಟೇ ಉರುಳಿಸಬಲ್ಲ ಗುಂಡುಬಂಡೆಗಳೂ ಇವೆ. ಪರ್ವತವು ಮೊದಲು ದೂರದಲ್ಲಿದ್ದು, ಬರಬರುತ್ತ ಸಮೀಪಿಸಿ ಎತ್ತರವಾಯಿತೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಇದಕ್ಕೂ ಹಿಂದಿನ ಅಧ್ಯಾಯ ಕಾಲ್ಕಾದಿಂದ ಶಿಮ್ಲಾಕ್ಕೆ ಏರುವ ಬೆಟ್ಟಗಳಲ್ಲಿದೆ. ಅಲ್ಲಿನ ಸುಬಾಥು, ಡಗ್‌ಶಾಯಿ, ಕಸೌಲಿ ಎಂಬ ಮೂರು ದಂಡಿನ ಊರುಗಳ ಹೆಸರುಗಳನ್ನೇ ಭೂವಿಜ್ಞಾನಿಗಳು ಮೂರು ಶಿಲಾಸಮೂಹಗಳಿಗೆ ಇಟ್ಟಿದ್ದಾರೆ. ಸುಬಾಥುವಿನ ಕಲ್ಲಿನಲ್ಲಿ ನಾಣ್ಯದಂತೆ ದುಂಡಗಿರುವ ನಮ್ಯುಲೈಟ್ ಎಂಬ ಕಡಲಜೀವಿಗಳ ಚಿಪ್ಪುಗಳು ದೊರೆಯುತ್ತವೆ. ಎಂದರೆ ಭಾರತಖಂಡವು ಏಷ್ಯಾಖಂಡಕ್ಕೆ ತಾಗಿದ ಸುಮಾರು 5 ಕೋಟಿ ವರ್ಷಗಳ ಹಿಂದಿನ ಯುಗದಲ್ಲಿ ಅಲ್ಲಿ ಟೆಥಿಸ್ ಸಮುದ್ರದ ಕೊನೆಯ ತೆರೆಗಳು ಆಡುತ್ತಿದ್ದವು. ಅದರ ಮೇಲಿರುವ ಡಗ್‌ಶಾಯಿಯ ಕೆಂಪು ಜೇಡಿಗಲ್ಲಿನಲ್ಲಿ ಕಡಲು ಇಲ್ಲ, ನದಿಯಿದೆ. ಕಡಲಿನ ಅಂತ್ಯಕ್ಕೂ ನದಿಯ ಆರಂಭಕ್ಕೂ ನಡುವೆ ಬರವಣಿಗೆಯೇ ಇಲ್ಲದ ದೀರ್ಘಕಾಲವೊಂದಿದೆ. ಕಸೌಲಿಯ ಮರಳುಗಲ್ಲಿನಲ್ಲಿ ಮರಗಳ ಎಲೆಗಳ ಅಚ್ಚುಗಳಿವೆ. ಕಣಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಇನ್ನೂ ಆಳವಾದ ಕ್ರಮವೊಂದು ಗೋಚರಿಸುವುದು: ಡಗ್‌ಶಾಯಿಯಲ್ಲಿ ಸ್ವಲ್ಪವೇ ಬೆಂದ ಪದರಗಲ್ಲಿನ ಚೂರುಗಳು, ಕಸೌಲಿಯ ಕಾಲಕ್ಕೆ ಕೆಂಬಣ್ಣದ ಗಾರ್ನೆಟ್, ಶಿವಾಲಿಕದ ಕೆಳಸ್ತರಗಳಲ್ಲಿ ಸ್ಟಾರೊಲೈಟ್, ನಡುವಣ ಸ್ತರಗಳಲ್ಲಿ ಕಯನೈಟ್, ಮೇಲಿನವುಗಳಲ್ಲಿ ಸಿಲಿಮನೈಟ್. ಈ ಖನಿಜಗಳು ಭೂಗರ್ಭದ ಉಷ್ಣವೂ ಒತ್ತಡವೂ ಏರಿದಂತೆಲ್ಲ ಇದೇ ಅನುಕ್ರಮದಲ್ಲಿ ರೂಪುಗೊಳ್ಳತಕ್ಕವು. ಅವು ನದಿಯ ಮರಳಿನಲ್ಲಿ ಒಂದಾದ ಮೇಲೊಂದು ಕಾಣಿಸಿಕೊಂಡುದರ ಅರ್ಥವೇನೆಂದರೆ, ಪರ್ವತವು ತನ್ನ ಹೊದಿಕೆಗಳನ್ನು ಕಳಚುತ್ತ ಹೋದಂತೆ ಹೆಚ್ಚು ಹೆಚ್ಚು ಆಳದ ಶಿಲೆಗಳು ಬೆಳಕಿಗೆ ಬಂದುವು.

ಪರ್ವತವು ಸವೆದೂ ಸವೆದೂ ಏಕೆ ಮುಗಿಯದೆಂಬ ಪ್ರಶ್ನೆಗೆ ಉತ್ತರವು ದೊರಕಿದುದು ಮತ್ತೊಂದು ಮಾರ್ಗದಿಂದ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸರಪಣಿ ಹಿಡಿದು ಆಧಾರರೇಖೆಯೊಂದನ್ನು ಅಳೆದು, ಎರಡು ವರ್ಷಗಳ ತರುವಾಯ ಮದರಾಸಿನಿಂದ ವಿಧಿವತ್ತಾಗಿ ಆರಂಭಿಸಿದ ಮಹಾ ಮೋಜಣಿಯು ದಕ್ಷಿಣದಿಂದ ಉತ್ತರಕ್ಕೆ ಸಾಗಿ ಹಿಮಾಲಯದ ಸಮೀಪಕ್ಕೆ ಬಂದಾಗ, ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ನೆಲೆಗಳ ಅಂತರವು ಭೂಮಿಯ ಮೇಲಿನ ಅಳತೆಯಿಂದ ಒಂದಾಗಿಯೂ ನಕ್ಷತ್ರಗಳ ವೀಕ್ಷಣೆಯಿಂದ ಮತ್ತೊಂದಾಗಿಯೂ ಕಂಡು, 5.236 ವಿಕಲೆಗಳ (ಕೋನಮಾನದ ಸೆಕೆಂಡುಗಳ) ವ್ಯತ್ಯಾಸ ಉಳಿಯಿತು. ಹಿಮಾಲಯವು ತೂಗುಗುಂಡನ್ನು ತನ್ನೆಡೆಗೆ ಸೆಳೆದುದೇ ಇದಕ್ಕೆ ಕಾರಣವೆಂದು ತರ್ಕಿಸಿ, ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರಾಟನು ಲೆಕ್ಕ ಮಾಡಿ ನೋಡಿದರೆ ಆ ಸೆಳೆತವು 15.885 ವಿಕಲೆಗಳಷ್ಟು ಇರಬೇಕಾಗಿತ್ತು! ಕಣ್ಣಿಗೆ ಕಾಣುವಷ್ಟು ಭಾರ ಪರ್ವತಕ್ಕೆ ಇರಲಿಲ್ಲ. 1855ರಲ್ಲಿ ಜಾರ್ಜ್ ಏರಿಯು ಇದಕ್ಕೆ ಸಮಾಧಾನ ಹೇಳಿದನು: ಪರ್ವತದ ಕೆಳಗೆ ಹಗುರವಾದ ಶಿಲೆಯ ಬೇರೊಂದು ಆಳಕ್ಕೆ ಇಳಿದಿದ್ದು, ಅದು ಭಾರವಾದ ಅಧಸ್ತರದ ಮೇಲೆ ತೇಲುತ್ತಿರುವುದು. ತೇಲುವ ವಸ್ತುವಿನ ಮೇಲ್ಭಾಗವನ್ನು ಕಡಿದರೆ ಅದು ಮೇಲೇಳುವುದು. ನದಿಯು ಬೆಟ್ಟವನ್ನು ಕಡಿದಷ್ಟೂ ಬೆಟ್ಟದ ಬೇರು ಮೇಲಕ್ಕೆ ಬರುವುದು. ಆ ಕಡಿದ ಮಣ್ಣು ಬಿದ್ದ ಕಡೆ ನೆಲವು ಕುಸಿಯುವುದು. ಫೋರ್ಟ್ ವಿಲಿಯಂನ ಬಾವಿಯೂ ಎವರೆಸ್ಟ್ ಶಿಖರವೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂಬ ಅರಿವು ಹೀಗೆ ಮೂಡಿತು.

ನದಿಗಳ ವಂಶಾವಳಿಯ ಬಗೆಗೆ ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. 1919ರಲ್ಲಿ ಎಡ್ವಿನ್ ಪಾಸ್ಕೊ ಮತ್ತು ಗೈ ಪಿಲ್‌ಗ್ರಿಮ್ ಎಂಬ ಇಬ್ಬರು, ಒಬ್ಬರಿಂದೊಬ್ಬರು ಸ್ವತಂತ್ರವಾಗಿ, ಪೂರ್ವಕಾಲದಲ್ಲಿ ಅಸ್ಸಾಮಿನಿಂದ ಪಡುವಣಕ್ಕೆ ಹರಿದು ಸಿಂಧುವಿನ ದಾರಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತಿದ್ದ ಒಂದೇ ಮಹಾನದಿಯಿತ್ತೆಂದು ಪ್ರತಿಪಾದಿಸಿದರು. ಕಲ್ಪನೆ ಭವ್ಯವಾದುದು, ನಾಲ್ಕಾರು ದಶಕಗಳ ಕಾಲ ಅದು ಪಾಠಪುಸ್ತಕಗಳನ್ನು ಆಳಿತು. ಅದನ್ನು ಕೆಳಗಿಳಿಸಿದುದು ಮತ್ತೆ ಮರಳೇ. ಸಿಲ್ಹೆಟ್ ಮತ್ತು ಅಸ್ಸಾಮಿನ ಸೀಮೆಯಲ್ಲಿ ಬರೈಲ್ ಎಂದು ಕರೆಯಲ್ಪಡುವ ಪ್ರಾಚೀನ ಮುಖಜಭೂಮಿಯ ಮರಳುಗಲ್ಲುಗಳನ್ನು ಪರಿಶೀಲಿಸಿದ ಯಾನಿ ನಜ್ಮನ್ ಮತ್ತು ಸಂಗಡಿಗರು, ಹಿಮಾಲಯದಿಂದ ಸವೆದ ಕಣಗಳು ಸುಮಾರು 3 ಕೋಟಿ 80 ಲಕ್ಷ ವರ್ಷಗಳ ಹಿಂದೆಯೇ ಬಂಗಾಳದ ಕಡೆಗೆ ಬರುತ್ತಿದ್ದುದನ್ನು ತೋರಿಸಿದರು. ಎಲ್ಲ ನದಿಗಳೂ ಪಶ್ಚಿಮಾಭಿಮುಖವಾಗಿದ್ದರೆ ಇದು ಸಾಧ್ಯವೆ?

ಜಿರ್ಕಾನ್ ಎಂಬ ಖನಿಜದ ಕಣವು ಸಾಸಿವೆಗಿಂತಲೂ ಚಿಕ್ಕದು, ಆದರೆ ಅದರೊಳಗಿನ ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗಿ ಮಾರ್ಪಡುವ ಪ್ರಮಾಣದಿಂದ ಆ ಕಣದ ಜನ್ಮಕಾಲವನ್ನು ಗಣಿಸಬಹುದು. ಹಿಮಾಲಯದ ಆಚೆ, ಟಿಬೆಟ್ಟಿನ ದಕ್ಷಿಣದಂಚಿನಲ್ಲಿರುವ ಗ್ರಾನೈಟ್ ಶಿಲೆಗಳ ಜಿರ್ಕಾನ್ ಕಣಗಳು ಹಿಮಾಲಯದವುಗಳಿಗಿಂತ ಬಹಳ ಎಳೆಯವು. ಅಂತಹ ಎಳೆಯ ಕಣಗಳು ಬಂಗಾಳದ ನಿಕ್ಷೇಪಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ವರ್ಷಗಳ ಹಿಂದಿನ ಸ್ತರಗಳಲ್ಲಿಯೇ ದೊರೆಯುವುದರಿಂದ, ಆ ವೇಳೆಗಾಗಲೇ ಟಿಬೆಟ್ಟಿನ ತ್ಸಾಂಗ್‌ಪೋ ನದಿಯು ಹಿಮಾಲಯವನ್ನು ಸೀಳಿಕೊಂಡು ಬಂದು ಬ್ರಹ್ಮಪುತ್ರೆಯಾಗಿತ್ತೆಂಬುದು ಸಿದ್ಧವಾಯಿತು. ಆ ಮೇಲೆ ಶಿಲ್ಲಾಂಗ್ ಪ್ರಸ್ಥಭೂಮಿಯು ಬ್ರಹ್ಮಪುತ್ರೆಯ ದಾರಿಗೆ ಅಡ್ಡವಾಗಿ ಎದ್ದು ನಿಂತು, ನದಿಯನ್ನು ಪಶ್ಚಿಮಕ್ಕೆ ಸುತ್ತಿಸಿ ಬಿಟ್ಟಿತು; ಈ ಪಲ್ಲಟವೂ ಸಿಲ್ಹೆಟ್ ತಗ್ಗಿನ ಮರಳಿನಲ್ಲಿ ದಾಖಲಾಗಿದೆ. ಬೆಟ್ಟವೊಂದು ಎದ್ದ ಕಾಲವನ್ನು ಆ ಬೆಟ್ಟಕ್ಕಿಂತ ಸ್ಪಷ್ಟವಾಗಿ ಅದರ ಪಕ್ಕದ ಕೆಸರು ಹೇಳುತ್ತದೆ.

ಮುಖಜಭೂಮಿಯಲ್ಲಿಯೇ ಎಲ್ಲವೂ ತಂಗುವುದಿಲ್ಲ. ಬಂಗಾಳದ ತೀರದಿಂದ ಕಡಲೊಳಗೆ, ನಾವಿಕರು ತಳವಿಲ್ಲದ ಮಡುವೆಂದು ಹೆಸರಿಟ್ಟ ಕಂದರವೊಂದು ಹೊರಟಿದೆ. ನದಿ ತಂದ ರೇವೆಯು ಅದರ ಮೂಲಕ ಜಾರಿ, ಕೆಸರಿನ ಪ್ರವಾಹವಾಗಿ, ಸಮುದ್ರದ ತಳದಲ್ಲಿಯೂ ನದಿಗಳಂತೆ ಪಾತ್ರವನ್ನು ಕೊರೆದುಕೊಂಡು, ಶ್ರೀಲಂಕೆಯನ್ನೂ ಮೀರಿ ದಕ್ಷಿಣಕ್ಕೆ ಹರಿದುಹೋಗುವುದು. ಹೀಗೆ ರಚಿತವಾದ ಬಂಗಾಳದ ಕಡಲಡಿಯ ಬೀಸಣಿಗೆಯು ಸುಮಾರು 3000 ಕಿಲೋಮೀಟರು ಉದ್ದ, ಅಗಲವಾದೆಡೆ 1000 ಕಿಲೋಮೀಟರಿಗೂ ಮಿಗಿಲು, ತೀರದ ಸಮೀಪದಲ್ಲಿ 16 ಕಿಲೋಮೀಟರಿಗೂ ಹೆಚ್ಚು ದಪ್ಪ. ಎವರೆಸ್ಟ್ ಶಿಖರದ ಎತ್ತರ 9 ಕಿಲೋಮೀಟರಿಗೂ ಕಡಿಮೆಯೆಂಬುದನ್ನು ಇಲ್ಲಿ ನೆನೆಯಬೇಕು. ಜೋಸೆಫ್ ಕರೆ ಮತ್ತು ಡೇವಿಡ್ ಮೂರ್ 1971ರಲ್ಲಿ ಈ ಬೀಸಣಿಗೆಯ ಬೆಳವಣಿಗೆಯನ್ನೂ ಹಿಮಾಲಯದ ಸವೆತವನ್ನೂ ಒಂದೇ ಲೇಖನದಲ್ಲಿ ಜೋಡಿಸಿದಾಗ, ಪರ್ವತವನ್ನು ಕಡಲಿನಿಂದ ಅಳೆಯುವ ವಿದ್ಯೆಗೆ ಭದ್ರವಾದ ಅಡಿಪಾಯ ಬಿದ್ದಿತು. ಗಂಗೆಯು ಸಗರಪುತ್ರರ ಬೂದಿಯನ್ನು ಅರಸಿ ಹಿಮಗಿರಿಯಿಂದ ಸಾಗರಕ್ಕೆ ಇಳಿದಳೆಂದು ನಮ್ಮ ಪುರಾಣವು ಹೇಳುವಾಗ, ಗಿರಿ, ನದಿ, ಸಾಗರಗಳನ್ನು ಬೇರ್ಪಡಿಸದ ದೃಷ್ಟಿಯೊಂದು ಅಲ್ಲಿ ಕೆಲಸ ಮಾಡಿರುವುದೆಂದು ನನಗೆ ತೋರುತ್ತದೆ. ಸಂಕ್ರಾಂತಿಯಂದು ಗಂಗಾಸಾಗರದಲ್ಲಿ ಮೀಯುವ ಯಾತ್ರಿಕನ ಕಾಲಡಿಯ ಕೆಸರು ನಿಜವಾಗಿಯೂ ಕೇದಾರದ ಕಡೆಯದೇ.

2015ರಲ್ಲಿ ಅಂತರರಾಷ್ಟ್ರೀಯ ಸಾಗರಶೋಧನೆಯ ಕೊರೆಯುವ ಹಡಗು ಉತ್ತರ ಅಕ್ಷಾಂಶ 8 ಡಿಗ್ರಿಯ ಬಳಿ, ಬೀಸಣಿಗೆಗೆ ಅಡ್ಡಲಾಗಿ, ಏಳು ಕಡೆಗಳಲ್ಲಿ ತಳವನ್ನು ಕೊರೆಯಿತು. ಅಲ್ಲಿಂದ ಎತ್ತಿದ ಮರಳಿನ ಬೆಣಚುಕಣಗಳಲ್ಲಿ ವಿಶ್ವಕಿರಣಗಳಿಂದ ಉಂಟಾದ ಬೆರಿಲಿಯಂನ ಪ್ರಮಾಣವನ್ನು ಅಳೆದರೆ, ಆ ಕಣವು ಬೆಟ್ಟದ ಮೇಲ್ಮೈಯಲ್ಲಿ ಎಷ್ಟು ಕಾಲ ತಂಗಿತ್ತು, ಎಂದರೆ ಬೆಟ್ಟವು ಎಷ್ಟು ಬೇಗ ಸವೆಯುತ್ತಿತ್ತು ಎಂಬುದು ತಿಳಿಯುವುದು. ಹಿಮಯುಗಗಳ ಏರಿಳಿತಗಳು ಆರಂಭವಾದಂದಿನಿಂದ ಜಗತ್ತಿನ ಪರ್ವತಗಳೆಲ್ಲ ಹೆಚ್ಚು ವೇಗದಿಂದ ಸವೆದುವೆಂಬ ಅಭಿಪ್ರಾಯವು ಬಹುಕಾಲದಿಂದ ಪ್ರಬಲವಾಗಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶವಾದರೋ, ಹಿಮಾಲಯದ ಸವೆತವು ಕಳೆದ 60 ಲಕ್ಷ ವರ್ಷಗಳಲ್ಲಿ ಹೆಚ್ಚುಕಡಮೆ ಒಂದೇ ಗತಿಯಲ್ಲಿ ನಡೆದುಬಂದಿರುವುದೆಂದು ತೋರಿಸಿತು. ಹವೆಯ ಬದಲಾವಣೆಗಿಂತ ಭೂಖಂಡಗಳ ಒತ್ತಡವೇ ಹಿಮಾಲಯದ ಮುಖ್ಯ ಶಿಲ್ಪಿಯೆಂಬ ಪಕ್ಷಕ್ಕೆ ಇದರಿಂದ ಬಲ ಬಂದಿದೆ. ಮಳೆಯ ಪಾತ್ರವನ್ನು ಇದರಿಂದ ತಳ್ಳಿಹಾಕುವುದು ತಪ್ಪಾದೀತು, ಏಕೆಂದರೆ ಅಲ್ಪಾವಧಿಯ ಲೆಕ್ಕ ಬೇರೆಯೇ ಇದೆ: ಸುಮಾರು 11,000ದಿಂದ 7,000 ವರ್ಷಗಳ ಹಿಂದೆ ಮುಂಗಾರು ಬಲವಾಗಿದ್ದಾಗ ಬಂಗಾಳಕ್ಕೆ ಇಂದಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಮಣ್ಣು ಬಂದು ಬಿದ್ದುದನ್ನು ಮುಖಜಭೂಮಿಯ ಕೊರೆತಗಳು ತಿಳಿಸಿವೆ.

ಈ ಕಾರ್ಯವು ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಜೇಮ್ಸ್ ರೆನ್ನೆಲನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದ ನಕ್ಷೆಗಳಲ್ಲಿ ಬ್ರಹ್ಮಪುತ್ರೆಯು ಮೈಮನ್‌ಸಿಂಗ್ ಪಟ್ಟಣದ ಮಗ್ಗುಲಲ್ಲಿ ಹರಿಯುವುದು. ಕೆಲವೇ ದಶಕಗಳಲ್ಲಿ ಅದು ಪಡುವಣಕ್ಕೆ ಸರಿದು ಇಂದಿನ ಜಮುನಾ ಪಾತ್ರವನ್ನು ಹಿಡಿಯಿತು. 1950ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಮೂರನೆಯ ವಾರ್ಷಿಕೋತ್ಸವದ ದಿನವೇ, ಅಸ್ಸಾಮಿನ ಮೂಡಣ ಗಡಿಯಲ್ಲಿ ಸಂಭವಿಸಿದ 8.6 ಪ್ರಮಾಣದ ಭೂಕಂಪವು ಬೆಟ್ಟಗಳ ಪಕ್ಕೆಗಳನ್ನೇ ಕಳಚಿ ಕಣಿವೆಗಳಿಗೆ ಕೆಡವಿತು. ಆ ಮಣ್ಣಿನಿಂದ ದಿಬ್ರುಗಢದ ಬಳಿ ನದಿಯ ತಳವು ಏರಿ, ದಡಗಳು ಕೊರೆದುಹೋಗಿ ಪಟ್ಟಣದ ಬಹುಭಾಗ ನೀರಿನ ಪಾಲಾಯಿತು. ಅದರ ನಯವಾದ ಅಂಶವು ಬೇಗನೆ ಮೇಘನಾ ನದೀಮುಖವನ್ನು ಮುಟ್ಟಿ ಹೊಸ ನೆಲವಾಗಿ ನಿಂತಿತೆಂದೂ, ಒರಟು ಮರಳು ಮಾತ್ರ ದಶಕಗಳ ಕಾಲ ಹಿಂದೆಯೇ ಉಳಿದು ನಿಧಾನವಾಗಿ ಕೆಳಕ್ಕೆ ಸಾಗಿತೆಂದೂ ಸಂಶೋಧಕರು ಗುರುತಿಸಿದ್ದಾರೆ. ಬೆಟ್ಟವು ಒಂದು ಸಂಜೆ ನಡುಗಿದುದರ ಫಲವಾಗಿ ನೂರಾರು ಹರಿದಾರಿಗಳ ಕೆಳಗೆ ಒಬ್ಬನ ಹೊಲ ಹುಟ್ಟಿತು, ಮತ್ತೊಬ್ಬನ ಮನೆ ಮುಳುಗಿತು.

ಈ ಸಂಶೋಧನೆಯಲ್ಲಿ ಇದುವರೆಗೆ ಮುಗಿದುದು ಅತ್ಯಲ್ಪ. 2015ರ ಯಾತ್ರೆಯ ಅತ್ಯಂತ ಆಳದ ಕೊರೆತವು ಸಮುದ್ರತಳದಿಂದ ಸುಮಾರು 1180 ಮೀಟರು ಇಳಿದು, ಬೀಸಣಿಗೆಯ ತೆಳುವಾದ ದಕ್ಷಿಣ ಭಾಗದಲ್ಲಿ ಆಲಿಗೋಸೀನ್ ಯುಗದ ಕೊನೆಯ ಮರಳನ್ನು ಮುಟ್ಟಿತು; ಉತ್ತರದಲ್ಲಿ, ಬಂಗಾಳದ ಮುಖಜಭೂಮಿಯ ಅಡಿಯಲ್ಲಿ, ಹತ್ತಾರು ಕಿಲೋಮೀಟರು ಆಳದಲ್ಲಿರುವ ಹಿಮಾಲಯದ ಆದಿಕಾಲದ ಮಣ್ಣನ್ನು ಇನ್ನೂ ಯಾರ ಯಂತ್ರವೂ ಮುಟ್ಟಿಲ್ಲ. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ಲಾಲ್‌ಬಾಗಿನ ಬಂಡೆಯನ್ನು ದಿನವೂ ನೋಡಿ ಬೆಳೆದ ನಮ್ಮ ತರುಣರಿಗೆ ಹಿಮಾಲಯವು ದೂರದ ವಿಷಯವೆಂದು ತೋರಬಹುದು. ಆದರೆ ಏಷ್ಯಾಖಂಡವನ್ನು ಗುದ್ದಿ ಆ ಪರ್ವತವನ್ನೆಬ್ಬಿಸಿದ ಭೂಫಲಕದ ಮೇಲೆಯೇ ಈ ಬಂಡೆಯೂ ನಿಂತಿದೆ. ಬಂಗಾಳ ಕೊಲ್ಲಿಯಿಂದ ಎತ್ತಿದ ಆ ಮಣ್ಣಿನ ಕಂಬಗಳೆಲ್ಲ ಜಪಾನಿನ ಕೋಚಿ ನಗರದ ಸಂಗ್ರಹಾಲಯದಲ್ಲಿ ಶೀತಾಗಾರಗಳಲ್ಲಿ ಸುರಕ್ಷಿತವಾಗಿವೆ, ಅರ್ಜಿ ಸಲ್ಲಿಸಿದ ಸಂಶೋಧಕರಿಗೆ ಅಲ್ಲಿಂದ ಮಾದರಿಗಳನ್ನು ಕೊಡುವ ವ್ಯವಸ್ಥೆಯೂ ಇದೆ. ನಮ್ಮ ವಿಶ್ವವಿದ್ಯಾನಿಲಯಗಳ ಭೂವಿಜ್ಞಾನ ವಿಭಾಗಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಆ ಅರ್ಜಿಯನ್ನು ಬರೆಯಲಿ.